ಬ್ಲೌಸ್ ಹೊಲಿಯೋಕೆ ಬರತ್ತಾ? ಹಾಗಾದ್ರೆ ಜರ್ಮನಿಯ ಡಿರ್ನ್‌ಡಲ್ ಕೂಡ ಹೊಲೀಬಹುದು

ಮಗಳು ಮ್ಯೂನಿಕ್‌ನಲ್ಲಿ ಓದ್ತಿದಾಳೆ, ಸೆಪ್ಟೆಂಬರ್‌ನಲ್ಲಿ ಅಲ್ಲಿ ಆಕ್ಟೋಬರ್‌ಫೆಸ್ಟ್ ಅನ್ನೋ ದೊಡ್ಡ ಬಿಯರ್ ಹಬ್ಬ ಶುರು ಆಗತ್ತಂತೆ, ಅದಕ್ಕೆ ಹೆಂಗಸರು ಹಾಕೋ ಡಿರ್ನ್‌ಡಲ್ ಡ್ರೆಸ್ಸಿನ ರೇಟ್ ಅಲ್ಲಿನ ಅಂಗಡಿಲಿ ಕೇಳಿದ್ರೆ ತಲೆ ತಿರುಗತ್ತಂತೆ, ಫೋಟೋ ಕಳಿಸ್ತೀನಿ ಹೊಲಿದು ಕೊಡ್ತೀರಾ? ಶಿರಸಿಲಿ ಟೈಲರಿಂಗ್ ಮಾಡ್ಕೊಂಡು ಕೂತೋರಿಗೂ ಈಗ ಇಂಥ ಫೋನ್ ಬರತ್ತೆ ಮಾರಾಯ್ರೆ. ಹೊಲೀಬಹುದು, ಧಾರಾಳವಾಗಿ. ಪ್ರಿನ್ಸೆಸ್ ಕಟ್ ಬ್ಲೌಸ್ ನೀಟಾಗಿ ಹೊಲಿಯೋರಿಗೆ ಇದರ ಮುಕ್ಕಾಲು ಕೆಲಸ ಬಂದೇ ಬರತ್ತೆ. ಉಳಿದ ಕಾಲು ಭಾಗ ಇರೋದು ಸೊಂಟದ ಹತ್ರ, ಸ್ಕರ್ಟಿನ ಕೈ ನೆರಿಗೆಯಲ್ಲಿ. ಅಲ್ಲಿ ಮಷಿನ್ ಮೇಲೆ ಜರ್ ಅಂತ ಎಳೆದು ಮುಗಿಸಿದ್ರೋ, ಅದು ಸ್ಕೂಲ್ ಗ್ಯಾದರಿಂಗಿನ ಫ್ಯಾನ್ಸಿ ಡ್ರೆಸ್ ಆಗೋಯ್ತು ಅಂತಲೇ ಲೆಕ್ಕ.

ಮೊದಲು ಏನು ಹೊಲೀಬೇಕು, ಏನು ಬೇಡ ಅನ್ನೋದು. ಆ ಕಡೆ ಊರೂರಿಗೂ ಬೇರೆ ಬೇರೆ ಸಾಂಪ್ರದಾಯಿಕ ಉಡುಪು ಇದೆ, ಎಲ್ಲದಕ್ಕೂ ಸೇರಿಸಿ ಟ್ರಾಖ್ಟ್ ಅಂತಾರೆ. ನೆಟ್‌ನಲ್ಲಿ ಹುಡುಕಿದ್ರೆ ಕೆಂಪು ಉಣ್ಣೆ ಉಂಡೆ ಉಂಡೆ ಕೂರಿಸಿದ ಒಂದು ಬಿಳಿ ಟೋಪಿ ಬರತ್ತಲ್ಲ, ಅದು ಬೊಲೆನ್‌ಹುಟ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶ ಅಂದ್ರೆ ಇದೇ ಅನ್ನೋ ಹಾಗೆ ಎಲ್ಲ ಪೋಸ್ಟರಲ್ಲೂ ಹಾಕ್ತಾರೆ, ಆದ್ರೆ ಅದು ಅಸಲಿಗೆ ಗುಟಾಖ್, ಕಿರ್ನ್‌ಬಾಖ್, ರೈಖೆನ್‌ಬಾಖ್ ಅನ್ನೋ ಮೂರೇ ಮೂರು ಹಳ್ಳಿಗಳದ್ದು. ಹುಲ್ಲಿನ ಟೋಪಿ, ಮೇಲೆ ಜಿಪ್ಸಂ ಬಳಿದು ಗಟ್ಟಿ ಮಾಡಿರ್ತಾರೆ, 14 ಉಂಡೆ, ಮದುವೆ ಆಗದವರಿಗೆ ಕೆಂಪು, ಆದವರಿಗೆ ಕಪ್ಪು, ತೂಕ ಎರಡು ಕೆಜಿವರೆಗೂ ಹೋಗತ್ತೆ. ಇದನ್ನ ಮಾಡಿಕೊಡಿ ಅಂತ ಯಾರಾದ್ರೂ ಬಂದ್ರೆ ನಾನಂತೂ ಬೇಡ ಅಂತೀನಿ. ನಮ್ಮ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಜ್ಜಿ ಫೋಟೋ ನೋಡಿದೀರಲ್ಲ, ಕುತ್ತಿಗೆ ತುಂಬ ಮಣಿಸರ, ಭುಜದ ಮೇಲೆ ಗಂಟು ಹಾಕಿದ ಸೀರೆ, ಅದನ್ನ ಯಾವುದೋ ದೇಶದವರು ಪಾರ್ಟಿಗೆ ಹಾಕ್ಕೊಂಡು ಬಂದ್ರೆ ಹಾಲಕ್ಕಿ ಒಕ್ಕಲಿಗರಿಗೆ ಹೇಗನಿಸತ್ತೋ ಆ ಮೂರು ಹಳ್ಳಿಯವರಿಗೂ ಹಾಗೇ ಅನಿಸತ್ತೆ ಅಲ್ವಾ. ಹೆಸ್ಸೆ ಕಡೆಯ ಶ್ವಾಲ್ಮ್ ಪ್ರದೇಶದ ಪುಟ್ಟ ಕೆಂಪು ಟೋಪಿ, ಪೂರ್ವದಲ್ಲಿ ಸ್ಪ್ರೇವಾಲ್ಡಿನ ಸೋರ್ಬ್ ಜನರ ದೊಡ್ಡ ದೊಡ್ಡ ತಲೆವಸ್ತ್ರ, ಇವೂ ಅಷ್ಟೇ, ನೋಡಿ ಖುಷಿ ಪಡಿ, ಕಾಪಿ ಬೇಡ.

ಡಿರ್ನ್‌ಡಲ್ ಕತೆ ಬೇರೆ. ಅದು ಮ್ಯೂನಿಕ್ ಇರೋ ಬವೇರಿಯಾ, ಆಸ್ಟ್ರಿಯಾ ಕಡೆ ಕೆಲಸದ ಹೆಂಗಸರು ಹಾಕ್ತಿದ್ದ ಉಡುಪಿನಿಂದ ಬಂದಿದ್ದು, ಆಮೇಲೆ ಬೇಸಿಗೆಲಿ ಬೆಟ್ಟದ ಕಡೆ ರಜೆಗೆ ಹೋಗೋ ಪೇಟೆ ಹೆಂಗಸರಿಗೆ ಫ್ಯಾಷನ್ ಆಯ್ತು. ಇದನ್ನ ದೊಡ್ಡ ಮಟ್ಟಕ್ಕೆ ತಂದೋರು ಮ್ಯೂನಿಕ್‌ನ ಯೂಲಿಯುಸ್ ಮತ್ತು ಮೋರಿಟ್ಸ್ ವಾಲಾಖ್ ಅನ್ನೋ ಯಹೂದಿ ಅಣ್ಣತಮ್ಮಂದಿರು, 1910ರಲ್ಲಿ ಆಕ್ಟೋಬರ್‌ಫೆಸ್ಟಿನ ನೂರನೇ ವರ್ಷದ ಮೆರವಣಿಗೆಗೆ ಉಡುಪು ಮಾಡಿಕೊಟ್ಟಿದ್ದೂ ಇವರೇ. 1938ರಲ್ಲಿ ನಾಜಿಗಳು ಅವರ ಅಂಗಡಿ ಕಿತ್ಕೊಂಡ್ರು, ಅದೇ ವರ್ಷ ಸಾಲ್ಜ್‌ಬರ್ಗಿನಲ್ಲಿ ಯಹೂದಿಗಳು ಇಂಥ ಉಡುಪು ಹಾಕೋ ಹಾಗೇ ಇಲ್ಲ ಅಂತ ಆರ್ಡರ್ ಬೇರೆ ಬಂತು. ಹಾಗಾಗಿ ಯಾರಾದ್ರೂ ಇದು ಶುದ್ಧ ರಕ್ತದವರ ಉಡುಪು, ನೀವೆಲ್ಲ ಹಾಕಬಾರದು ಅಂತ ಮಾತಾಡಿದ್ರೆ ಈ ಕತೆ ಹೇಳಿ ಸಾಕು. ಡಿರ್ನ್‌ಡಲ್ ಯಾರು ಬೇಕಾದ್ರೂ ಹೊಲೀಬಹುದು, ಯಾರು ಬೇಕಾದ್ರೂ ಹಾಕಬಹುದು.

ಇದರಲ್ಲಿ ನಾಲ್ಕು ಭಾಗ. ಒಳಗೆ ಬಿಳಿ ಬ್ಲೌಸ್, ಮೇಲೆ ತೋಳಿಲ್ಲದ ಬಿಗಿ ಬಾಡೀಸ್, ಅದಕ್ಕೇ ಸೇರಿಸಿ ಹೊಲಿದ ನೆರಿಗೆ ಸ್ಕರ್ಟ್, ಮುಂದೆ ಕಟ್ಟೋ ಏಪ್ರನ್. 44 ಇಂಚು ಪನ್ನದ ಬಟ್ಟೆ ಆದ್ರೆ ಸ್ಕರ್ಟಿಗೆ ಮೂರು ಮೀಟರ್, ಬಾಡೀಸಿಗೆ ಒಂದು, ಅದಕ್ಕೆ ಲೈನಿಂಗ್ ಒಂದು, ಏಪ್ರನ್ನಿಗೆ ಪಟ್ಟಿ ಎಲ್ಲ ಸೇರಿ ಒಂದೂಕಾಲು, ಬ್ಲೌಸಿಗೆ ಒಂದೂಕಾಲು. ಸ್ಯಾಟಿನ್, ನೆಟ್, ಪಾಲಿಸ್ಟರ್ ಕಡೆ ತಲೆ ಹಾಕಲೇಬೇಡಿ, ಹೊಳೆಯೋದು ಅಗ್ಗದ ಕಾಸ್ಟ್ಯೂಮ್ ಮಾತ್ರ. ಅಲ್ಲಿ ದಿನಬಳಕೆಯ ಡಿರ್ನ್‌ಡಲ್ ಹತ್ತಿದು, ಹಬ್ಬಕ್ಕೆ ಹಾಕೋದು ಲಿನನ್, ಉಣ್ಣೆ ಅಥವಾ ರೇಷ್ಮೆದು. ನಮಗೆ ಕೈಮಗ್ಗದ ಹತ್ತಿ ಬಟ್ಟೆ ಸಾಕೋ ಸಾಕು, ಕೈಯಲ್ಲಿ ಹಿಡಿದ್ರೆ ಸ್ವಲ್ಪ ತೂಕ ಇರಬೇಕು ಅಷ್ಟೇ. ಬಾಡೀಸಿಗೆ ನನ್ನ ಕೇಳಿದ್ರೆ ಗುಳೇದಗುಡ್ಡದ ಖಣ. ಸಣ್ಣ ಸಣ್ಣ ಬುಟ್ಟಾ, ಮಂದ ಹೊಳಪು, ಅಲ್ಲಿನವರು ಬಳಸೋ ಸಣ್ಣ ಡಿಸೈನಿನ ಬಟ್ಟೆ ಪಕ್ಕ ಇಟ್ರೆ ಚೂರೂ ಕಡಿಮೆ ಕಾಣಲ್ಲ. ಆದ್ರೆ ಖಣ ಕತ್ತರಿಸಿದ ಕೂಡಲೇ ಅಂಚು ಬಿಚ್ಕೊಳ್ಳತ್ತೆ, ಪನ್ನವೂ ಕಡಿಮೆ ಇರತ್ತೆ, ನೋಡ್ಕೊಂಡು ತಗೊಳ್ಳಿ.

ನೀಲಿ ಬಟ್ಟೆ ಮೇಲೆ ಬಿಳಿ ಹೂವಿನ ಡಿಸೈನ್ ಬೇಕು ಅಂತ ಕೆಲವರು ಫೋಟೋ ಕಳಿಸ್ತಾರೆ. ಅದು ಬ್ಲೌಡ್ರುಕ್. ಮರದ ಅಚ್ಚಿನಲ್ಲಿ ಒಂದು ಥರ ಪೇಸ್ಟ್ ಒತ್ತಿ ಬಟ್ಟೆನ ನೀಲಿ ಬಣ್ಣದಲ್ಲಿ ಅದ್ದಿ ತೆಗೆದ್ರೆ ಪೇಸ್ಟ್ ಇದ್ದ ಜಾಗ ಬಿಳಿ ಉಳಿಯತ್ತೆ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಮಜಾ ಅಂದ್ರೆ ಹಡಗಲ್ಲಿ ಭಾರತದ ಅಚ್ಚಿನ ಬಟ್ಟೆ ಯುರೋಪಿಗೆ ಹೋದ ಮೇಲೇ ಅವರಿಗೆ ಇದರ ಹುಚ್ಚು ಹತ್ತಿದ್ದು, ನೀಲಿನೂ ನಮ್ಮ ಕಡೆದೇ ಹೋಗ್ತಿತ್ತು, 1897ರಲ್ಲಿ ಅವರದೇ ಬಿಎಎಸ್‌ಎಫ್ ಕಂಪನಿ ಕೆಮಿಕಲ್ ನೀಲಿ ಮಾರೋಕೆ ಶುರು ಮಾಡೋವರೆಗೂ. ಹಾಗಾಗಿ ಎಕ್ಸಿಬಿಷನ್ನಲ್ಲಿ ಸಿಗೋ ನೀಲಿ ಅಚ್ಚಿನ ಹತ್ತಿ ಬಟ್ಟೆ ತಂದು ಹೊಲಿದ್ರೆ ಯಾವ ಸಂಕೋಚವೂ ಬೇಡ. ಯಾವ ಬಟ್ಟೆ ಆದ್ರೂ ಮೊದಲು ರಾತ್ರಿ ಇಡೀ ಉಪ್ಪು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೇ ಕತ್ತರಿ. ಬಿಗಿ ಬಾಡೀಸ್ ಹೊಲಿದ ಮೇಲೆ ಅರ್ಧ ಇಂಚು ಶ್ರಿಂಕ್ ಆದ್ರೂ ಹುಕ್ಕು ಹಾಕೋಕಾಗಲ್ಲ.

ಅಳತೆ. ಹಾಕೋರು ಯಾವ ಬ್ರಾ ಹಾಕ್ತಾರೋ ಅದನ್ನೇ ಹಾಕ್ಕೊಂಡು ಅಳತೆ ಕೊಡಬೇಕು, ಇಲ್ಲಾಂದ್ರೆ ಎಲ್ಲ ಲೆಕ್ಕ ಮೇಲೆ ಕೆಳಗೆ. ಸೊಂಟಕ್ಕೆ ಒಂದು ದಾರ ಸಡಿಲವಾಗಿ ಕಟ್ಟಿ ಎಡಕ್ಕೆ ಬಲಕ್ಕೆ ಬಗ್ಗೋಕೆ ಹೇಳಿ, ದಾರ ಎಲ್ಲಿ ಹೋಗಿ ಕೂರತ್ತೋ ಅದೇ ನಿಜವಾದ ಸೊಂಟ, ಬಾಡೀಸ್ ಅಲ್ಲಿಗೇ ಮುಗೀಬೇಕು. ಸೀರೆ ಬ್ಲೌಸ್ ಉದ್ದ 14 ಇದ್ದೋರಿಗೆ ಇದು 16, 16 ವರೆ ಹತ್ರ ಬರತ್ತೆ. ಮಗಳು ಜರ್ಮನಿಲಿದ್ದು ಫೋನಲ್ಲೇ ಅಳತೆ ಕೊಡೋದಾದ್ರೆ ವಿಡಿಯೋ ಕಾಲ್‌ನಲ್ಲಿ ಟೇಪ್ ಎಲ್ಲಿ ಹಿಡಿದಿದಾಳೆ ಅಂತ ಕಣ್ಣಾರೆ ನೋಡಿ, ಹೆಚ್ಚಿನವರು ಹೊಕ್ಕಳಿನ ಕೆಳಗೆ ಹಿಡೀತಾರೆ, ಜೀನ್ಸ್ ಅಭ್ಯಾಸ.

ನಿಮ್ಮ ಪ್ರಿನ್ಸೆಸ್ ಕಟ್ ಡ್ರಾಫ್ಟನ್ನೇ ಸೊಂಟದ ತನಕ ಉದ್ದ ಮಾಡ್ಕೊಳ್ಳಿ, ಚೆಸ್ಟಿಗೆ ಲೂಸ್ ಸೇರಿಸಬೇಡಿ, ಮೈ ಅಳತೆ ಎಷ್ಟೋ ಅಷ್ಟೇ. ಮುಂದೆ ಓಪನಿಂಗ್. ಹಿಂದುಗಡೆ ಮಾತ್ರ ನಮ್ಮ ಬ್ಲೌಸಿನ ಥರ ಅಲ್ಲ, ಅಲ್ಲೇ ಇದರ ಅಂದ ಇರೋದು. ಆರ್ಮ್‌ಹೋಲಿನ ಮಧ್ಯದಿಂದ ಎರಡು ಕಡೆಯಿಂದಲೂ ಒಂದೊಂದು ಹೊಲಿಗೆ ಬಾಗಿಕೊಂಡು ಕೆಳಗಿಳಿದು ಸೊಂಟದ ಹತ್ರ ಬಂದಾಗ ನಡುವಿನ ಪೀಸು ಎರಡರಿಂದ ಮೂರು ಇಂಚು ಅಗಲ ಮಾತ್ರ ಉಳಿಯತ್ತೆ, ಈ ವಿ ಆಕಾರದಿಂದ ಎಂಥವರ ಸೊಂಟವೂ ಸಣ್ಣ ಕಾಣತ್ತೆ. ಈ ಎರಡು ಹೊಲಿಗೆ ಒಳಗೆ ಪೈಪಿಂಗ್ ಹೋಗಲೇಬೇಕು. ಒಂದೂಕಾಲು ಇಂಚಿನ ಕ್ರಾಸ್ ಪಟ್ಟಿ, ಒಳಗೆ ಸಣ್ಣ ಹತ್ತಿ ದಾರ, ಸಿಂಗಲ್ ಫೂಟ್ ಹಾಕಿ ದಾರಕ್ಕೆ ಒತ್ತಿ ಹೊಲಿಗೆ. ಬಾಗಿದ ಕಡೆ ಮಾರ್ಜಿನ್ನಿಗೆ ಕತ್ತರಿಯಿಂದ ಚಿಕ್ಕ ಚಿಕ್ಕ ಕಟ್ ಕೊಡದೇ ಇದ್ರೆ ಮಗುಚಿದಾಗ ಎಳೆದು ನಿಲ್ಲತ್ತೆ. ಕುತ್ತಿಗೆಗೂ ತೋಳಿನ ಸುತ್ತಕ್ಕೂ ಅದೇ ಪೈಪಿಂಗ್ ಓಡಿಸಿ.

ಮೊದಲು ಕೋರಾ ಬಟ್ಟೆಲಿ ಒಂದು ಟ್ರಯಲ್ ಹೊಲಿದು ಹಾಕಿಸಿ ನೋಡಿ, ಗಿರಾಕಿ ಅರ್ಜೆಂಟ್ ಅಂತ ಎಷ್ಟೇ ಕುಣಿದ್ರೂ ಇದನ್ನ ಬಿಡಬೇಡಿ. ಲೈನಿಂಗಿಗೆ ಬ್ಲೌಸಿನ ತೆಳು ಬಟ್ಟೆ ಆಗಲ್ಲ, ಕೇಸ್‌ಮೆಂಟ್ ಅಥವಾ ಡ್ರಿಲ್ ಹಾಕಿ, ಯಾಕಂದ್ರೆ ಇಡೀ ಬಿಗಿ ಹಿಡಿಯೋದು ಲೈನಿಂಗು, ಮೇಲಿನ ಖಣ ಶೋಕಿಗೆ. ಸೈಡಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡಿ, ಅಲ್ಲಿನ ಹಳೇ ಬಾಡೀಸುಗಳನ್ನೂ ಹೀಗೇ ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ ಬರೋ ಹಾಗೆ ಹೊಲೀತಿದ್ರು. ಹುಕ್ಕು ಮುಕ್ಕಾಲು ಇಂಚಿಗೊಂದು. ಮೇಲೆ ಬೆಳ್ಳಿ ಚೈನ್ ಅಡ್ಡಡ್ಡ ಹೆಣೆದ ಲುಕ್ ಬೇಕು ಅಂದ್ರೆ ಓಪನಿಂಗಿನ ಎರಡೂ ಕಡೆ ಐದಾರು ಜೊತೆ ಕೊಂಡಿ ಗಟ್ಟಿಯಾಗಿ ಕೂರಿಸಿ ಒಂದೇ ಉದ್ದ ಚೈನ್ ಹೆಣೀಬೇಕು, ಕೊಂಡಿ ಚೈನ್ ಎರಡೂ ಗುರುತಿನ ಅಕ್ಕಸಾಲಿಗರ ಹತ್ರ ಮಾಡಿಸಬಹುದು.

ಈಗ ಸ್ಕರ್ಟ್. ಇಲ್ಲಿ ನಿಧಾನ ಮಾಡಿ ಓದಿ.

44 ಇಂಚಿನ ಮೂರು ಪೀಸ್ ಪಕ್ಕ ಪಕ್ಕ ಸೇರಿಸಿದ್ರೆ ಸುತ್ತಳತೆ ಸುಮಾರು 3.3 ಮೀಟರ್. ಕಲಿ ಬೇಡ, ನೇರ ಪೀಸುಗಳೇ. ಒಂದೊಂದರ ಉದ್ದ ಅಂದ್ರೆ ಸ್ಕರ್ಟಿನ ಉದ್ದಕ್ಕೆ ಕೆಳಗಿನ ಮಡಿಕೆ ಮೂರು ಇಂಚು, ಮೇಲೆ ಒಳಗೆ ಮಡಚೋಕೆ ಒಂದೂವರೆ ಇಂಚು ಸೇರಿಸಿ. ನೆಲದಿಂದ ಎಂಟು ಇಂಚು ಮೇಲೆ ನಿಂತ್ರೆ ಚೆಂದ, ಮೊಣಕಾಲಿನ ಮೇಲಿನ ಮಿನಿ ಎಲ್ಲ ಈಚೆಗೆ ಬಂದಿದ್ದು. ಎಡಗಡೆ ಮುಂದೆ, ಏಪ್ರನ್ ಅಡಿಗೆ ಮುಚ್ಚಿ ಹೋಗೋ ಜಾಗದಲ್ಲಿ, ಎಂಟು ಇಂಚು ಸೀಳು ಬಿಟ್ಟು ಅದರ ಅಂಚು ಮೊದಲೇ ಮಡಚಿ ಹೊಲಿದುಬಿಡಿ. ಅಲ್ಲೇ ಒಂದು ಕಿಸೆನೂ ಇಡಿ, ಫೋನಿಗೆ.

ಮೇಲಿನ ಒಂದೂವರೆ ಇಂಚು ಒಳಗೆ ಮಡಚಿ ಇಸ್ತ್ರಿ ಹಾಕಿ. ಈಗ ಒಳಗಡೆಯಿಂದ, ಮೇಲಿನ ಅಂಚಿನ ಹತ್ತಿರವೇ ಶುರು ಮಾಡಿ, ಒಂದೊಂದು ಸೆಂಟಿಮೀಟರಿಗೆ ಒಂದೊಂದು ಚುಕ್ಕಿ, ಇಡೀ ಸುತ್ತಳತೆಗೆ. ಅದರ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು ಇನ್ನೊಂದು ಸಾಲು, ಹೀಗೆ ನಾಲ್ಕು ಸಾಲು. ಚುಕ್ಕಿ ಮೇಲಿಂದ ಕೆಳಗೆ ರಂಗೋಲಿ ಚುಕ್ಕಿಯಷ್ಟೇ ನೆಟ್ಟಗೆ ಒಂದರ ಕೆಳಗೊಂದು ಬರಬೇಕು, ಒಂದು ಎಳೆ ಆಚೀಚೆ ಆದ್ರೂ ಮಡಿಕೆ ಸೊಟ್ಟ ನಿಲ್ಲತ್ತೆ. ಇದು ಬೇಜಾರಿನ ಕೆಲಸ ಅಂತ ನನಗೂ ಗೊತ್ತು, ಅದಕ್ಕೇ ಸಣ್ಣ ಚೌಕಳಿ ಬಟ್ಟೆ ತಗೊಂಡ್ರೆ ಚೌಕಳಿ ಗೆರೆಯೇ ಚುಕ್ಕಿ, ಅರ್ಧ ದಿನದ ಕೆಲಸ ಉಳೀತು.

ದಾರ ಗಟ್ಟಿದು ಬೇಕು, ಡಬಲ್ ಮಾಡಿ ಜೇನುಮೇಣದ ಮೇಲೆ ಎರಡು ಸಲ ಎಳೀರಿ. ಶಿರಸಿಲಿ ಜೇನು ಸಾಕೋರಿಗೇನು ಬರ, ಒಂದು ಉಂಡೆ ಮೇಣ ತಂದಿಟ್ಕೊಂಡ್ರೆ ವರ್ಷಗಟ್ಟಲೆ ಬರತ್ತೆ, ದಾರ ಗಂಟು ಬೀಳಲ್ಲ, ಎಳೆಯುವಾಗ ಕಡಿಯಲ್ಲ. ಒಂದೊಂದು ಸಾಲಿಗೆ ಬೇರೆ ಬೇರೆ ದಾರ, ಒಂದು ತುದಿ ದೊಡ್ಡ ಗಂಟು, ಚುಕ್ಕಿಗೆ ಸೂಜಿ ಒಳಗೆ, ಮುಂದಿನ ಚುಕ್ಕಿಗೆ ಹೊರಗೆ, ಹೀಗೆ ಬರೀ ಟಾಕಾ ಹಾಕ್ತಾ ಇನ್ನೊಂದು ತುದಿ ತನಕ, ಅಲ್ಲಿ ದಾರ ಉದ್ದ ಬಿಟ್ಬಿಡಿ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯೋದನ್ನ ನೋಡಿದೀರಾ, ಅಳತೆ ಪಟ್ಟಿ ಮುಟ್ಟದೇ ಸಾಲಿಗೆ ಸಾಲು ಒಂದೇ ಸಮ ಟಾಕಾ ಬರತ್ತೆ, ಅಂಥ ಕೈ ಇದ್ದೋರಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು. ಊರಲ್ಲಿ ಕೌದಿ ಹೊಲಿಯೋ ಅಜ್ಜಿಯಂದಿರಿದ್ರೆ ಸ್ಕರ್ಟಿನ ಈ ಭಾಗ ಅವರಿಗೇ ಕೊಟ್ಟು ಸರಿಯಾದ ದುಡ್ಡು ಕೊಡಿ, ಮಷಿನ್ ಕಲಿತ ನಮ್ಮಂಥವರಿಗಿಂತ ಚೆನ್ನಾಗಿ ಮಾಡ್ತಾರೆ.

ನಾಲ್ಕೂ ದಾರ ಒಟ್ಟಿಗೆ ಹಿಡಿದು ನಿಧಾನ ಎಳೀತಾ ಹೋದ್ರೆ ಬಟ್ಟೆ ಅಕಾರ್ಡಿಯನ್ ಥರ ಮಡಚಿಕೊಂಡು ಒಂದು ಸೆಂಟಿಮೀಟರ್ ಆಳದ ನೆಟ್ಟಗಿನ ಮಡಿಕೆಗಳು ಸಾಲಾಗಿ ನಿಲ್ಲತ್ತೆ. ಲೆಕ್ಕ ಹೀಗೆ, 3.3 ಮೀಟರಿಗೆ ಎರಡೆರಡು ಸೆಂಟಿಮೀಟರಿಗೊಂದು ಮಡಿಕೆ ಅಂದ್ರೆ 165, ಸೊಂಟ 28 ಇಂಚು ಇದ್ರೆ ಇಂಚಿಗೆ ಆರು ಮಡಿಕೆ ಹತ್ರ ಹತ್ರ. ಬಟ್ಟೆ ದಪ್ಪ ಇದ್ರೆ ಇಷ್ಟು ಹಿಡಿಸಲ್ಲ, ಆಗ ಚುಕ್ಕಿ ಅಂತರ ಜಾಸ್ತಿ ಮಾಡಿ, ಮಡಿಕೆ ಆಳವೂ ಆಗತ್ತೆ ಕಡಿಮೆಯೂ ಆಗತ್ತೆ. ಎಳೆದ ಮೇಲೆ ದಾರದ ತುದಿ ಪಿನ್ನಿಗೆ ಎಂಟರ ಆಕಾರದಲ್ಲಿ ಸುತ್ತಿಡಿ.

ಜೋಡಿಸೋದು ಕೈಯಲ್ಲೇ. ಬಾಡೀಸಿನ ಕೆಳ ಅಂಚು ಲೈನಿಂಗ್ ಜೊತೆ ಒಳಗೆ ಮಡಚಿ ಮೊದಲೇ ಮುಚ್ಚಿರಬೇಕು, ಸ್ಕರ್ಟನ್ನೂ ಬಾಡೀಸನ್ನೂ ನಾಲ್ಕು ಭಾಗ ಮಾಡಿ ಗುರುತು ಹಾಕಿ ಪಿನ್ ಮಾಡಿ, ಎರಡರ ಸುಲ್ಟಾ ಬದಿ, ಅಂದ್ರೆ ಹೊರಗೆ ಕಾಣೋ ಬದಿ, ಮುಖಾಮುಖಿ ಇಟ್ಟು ಒಂದೊಂದು ಮಡಿಕೆಯ ತುದಿಗೂ ಎರಡೆರಡು ಗಟ್ಟಿ ಹೊಲಿಗೆ ಹಾಕ್ತಾ ಹೋಗಿ. ಒಂದೂ ಮಡಿಕೆ ಬಿಡಬಾರದು. ಮುಗಿಸಿ ಬಿಡಿಸಿ ಹಿಡಿದ್ರೆ ನೆರಿಗೆ ಸೊಂಟದಿಂದ ಪುಟಿದು ಹೊರಗೆ ಬಂದು ಕೆಳಗೆ ಬೀಳತ್ತೆ, ಒಳಗೆ ದಪ್ಪ ಉಬ್ಬು ಇರಲ್ಲ, ಮಷಿನ್ ನೆರಿಗೆಯಲ್ಲಿ ಇದು ಜನ್ಮದಲ್ಲಿ ಬರಲ್ಲ. ಮೇಲಿನ ಎರಡು ಸಾಲು ದಾರ ಹಾಗೇ ಇರಲಿ, ಕೆಳಗಿನ ಎರಡು ಬಿಚ್ಚಿ. ಏಪ್ರನ್ ಅಡಿಯ ಭಾಗಕ್ಕೆ ನೆರಿಗೆ ಕಡಿಮೆ ಕೊಟ್ರೆ ಹೊಟ್ಟೆ ಮುಂದೆ ಬಂದಂಗೆ ಕಾಣಲ್ಲ, ಹಳೇ ಕಾಲದಲ್ಲಿ ಕೆಲವು ಕಡೆ ಏಪ್ರನ್ ಅಡಿಗೆ ಬೇರೆ ಅಗ್ಗದ ಬಟ್ಟೆನೇ ಹಾಕಿಬಿಡ್ತಿದ್ರು, ಉಳಿತಾಯ ಎಲ್ಲ ಕಡೆ ಒಂದೇ!

ಏಪ್ರನ್ ಸುಲಭ. ಒಂದು ಇಡೀ ಪನ್ನ ತಗೊಂಡು 15-16 ಇಂಚಿಗೆ ನೆರಿಗೆ ಎಳೆದು ಒಂದು ಇಂಚಿನ ಪಟ್ಟಿ ಕೂರಿಸಿ, ಎರಡೂ ಕಡೆ ಒಂದೂಕಾಲು ಮೀಟರಿನ ಕಟ್ಟೋ ಪಟ್ಟಿ, ಹಿಂದೆ ಸುತ್ತಿ ಮುಂದೆ ತಂದು ಬೋ ಕಟ್ಟೋಕೆ ಅಷ್ಟು ಬೇಕು. ಸ್ಕರ್ಟಿಗಿಂತ ಒಂದು ಇಂಚು ಗಿಡ್ಡ ಇರಲಿ. ಬಣ್ಣ ಬಾಡೀಸಿನ ಬುಟ್ಟಾದಲ್ಲಿರೋ ಯಾವುದಾದ್ರೂ ಒಂದನ್ನ ಹಿಡೀರಿ. ಬೋ ಎಲ್ಲಿ ಕಟ್ಟಬೇಕು ಅಂತ ಡ್ರೆಸ್ ಜೊತೆ ಒಂದು ಚೀಟಿ ಬರೆದು ಹಾಕಿ ಕಳಿಸೋದು ಒಳ್ಳೇದು. ಹಾಕ್ಕೊಂಡವರ ಎಡಗಡೆ ಕಟ್ಟಿದ್ರೆ ಇನ್ನೂ ಒಂಟಿ, ಬಲಗಡೆ ಕಟ್ಟಿದ್ರೆ ಮದುವೆ ಆಗಿದೆ ಅಥವಾ ಜೋಡಿ ಇದೆ, ಹಿಂದೆ ಕಟ್ಟಿದ್ರೆ ಗಂಡ ತೀರಿಕೊಂಡವರು ಇಲ್ಲಾ ಅಲ್ಲಿ ಬಡಿಸೋ ಕೆಲಸದವರು ಅಂತ ಅರ್ಥ ಮಾಡ್ಕೊಳ್ತಾರೆ. ಇದೇನು ಪುರಾಣ ಕಾಲದ ಶಾಸ್ತ್ರ ಅಲ್ಲ, ಆದ್ರೂ ಗೊತ್ತಿಲ್ಲದೇ ಎಡಕ್ಕೆ ಕಟ್ಕೊಂಡು ಹೋದ ಮದುವೆಯಾದ ಹುಡುಗಿಗೆ ಸಂಜೆ ಪೂರ್ತಿ ಕಿರಿಕಿರಿ ಯಾಕೆ.

ಒಳಗಿನ ಬ್ಲೌಸ್ ಬಗ್ಗೆ ನಿಮಗೆ ಹೇಳೋದೇನಿಲ್ಲ, ಬಿಳಿ ಹತ್ತಿ, ಎದೆಯ ಕೆಳಗೆ ಮುಗಿದು ಎಲಾಸ್ಟಿಕ್, ಪಫ್ ತೋಳು.

ಒಂದು ಅಲಂಕಾರ ಮಾತ್ರ ಕಲೀಲೇಬೇಕು, ಬಾಡೀಸಿನ ಕುತ್ತಿಗೆ ಸುತ್ತ ಓಡೋ ಒಂಥರ ಉಬ್ಬಿದ ಫ್ರಿಲ್. ಕಪ್ಪೆ ಬಾಯಿ ಅಂತ ಅವರ ಭಾಷೆಲೂ ತಮಾಷೆ ಹೆಸರು, ಫ್ರೋಷ್‌ಗೋಷರ್ಲ್. ಎರಡು ಇಂಚಿನ ಪಟ್ಟಿ ತಗೊಂಡು ಎರಡೂ ಅಂಚು ಹಿಂದೆ ನಡುವಿಗೆ ಮಡಚಿ ಇಸ್ತ್ರಿ ಮಾಡಿ, ಒಂದು ಇಂಚು ಅಗಲ ಆಯ್ತು. ಎಷ್ಟು ಉದ್ದಕ್ಕೆ ಬೇಕೋ ಅದರ ಮೂರು ಪಟ್ಟು ಇರಲಿ. ಅರ್ಧ ಇಂಚಿನ ಬಾಕ್ಸ್ ಮಡಿಕೆ ಒಂದರ ಪಕ್ಕ ಒಂದು ಇಡ್ತಾ ನಟ್ಟ ನಡುವೆ ಮಷಿನ್ ಹೊಲಿಗೆ. ಆಮೇಲೆ ಕೈಸೂಜಿ ಹಿಡ್ಕೊಂಡು ಒಂದೊಂದು ಬಾಕ್ಸಿನ ಮೇಲಂಚು ಕೆಳಂಚುಗಳ ನಡು ಹಿಡಿದು ಎರಡನ್ನೂ ಮಧ್ಯಕ್ಕೆ ತಂದು ಒಂದು ಹೊಲಿಗೆ ಹಾಕಿ ಬಿಗಿ ಮಾಡಿ, ಎಡಬಲ ಬಾಯಿ ತೆರೆದ ಹಾಗೆ ಅರಳತ್ತೆ. ರೇಷ್ಮೆ ಸೀರೆ ಬ್ಲೌಸಿನ ಉಳಿದ ತುಂಡಲ್ಲಿ ಮಾಡಿದ್ರೆ ಬಹಳ ಚೆಂದ. ಈ ಫ್ರಿಲ್ ಕಲಿತ ಮೇಲೆ ನಮ್ಮ ಮಕ್ಕಳ ಲಂಗದ ಅಂಚಿಗೂ ಹಾಕೋಕೆ ಶುರು ಮಾಡಿದೀನಿ.

ಜೊತೆಗೆ ಗಂಡಿಗೆ ಲೆದರ್‌ಹೋಸನ್ ಅನ್ನೋ ಚರ್ಮದ ಚಡ್ಡಿನೂ ಹೊಲಿದು ಕೊಡಿ ಅಂದ್ರೆ ಕೈ ಮುಗಿದುಬಿಡಿ. ಅದು ಜಿಂಕೆ ಜಾತಿಯ ಚರ್ಮ, ಮೀನೆಣ್ಣೆ ಹಾಕಿ ಹದ ಮಾಡಿ ಬಟ್ಟೆ ಥರ ಮೆತ್ತಗೆ ಮಾಡಿರ್ತಾರೆ. ಮೀನೆಣ್ಣೆ ಅಂದ ಕೂಡಲೇ ಕಾರವಾರದವರಿಗೆ ತಾರ್ಲೆ ನೆನಪಾಗತ್ತೆ, ಎಣ್ಣೆಗೆ ನಮ್ಮಲ್ಲಿ ಬರ ಇಲ್ಲ, ಆದ್ರೆ ಆ ಹದ ಮಾಡೋ ವಿದ್ಯೆ ಬೇರೆ, ಹೊಲಿಯೋ ಮಷಿನ್ನೂ ಬೇರೆ. ಆ ಚಡ್ಡಿ ಹಾಕೋದು ಅವರಲ್ಲೇ ಒಮ್ಮೆ ನಿಂತು ಹೋಗೋ ಹಂತಕ್ಕೆ ಬಂದಿತ್ತು, 1883ರಲ್ಲಿ ಬೈರಿಷ್‌ತ್ಸೆಲ್ ಅನ್ನೋ ಊರಲ್ಲಿ ಯೋಸೆಫ್ ಫೋಗ್ಲ್ ಅನ್ನೋ ಮೇಷ್ಟ್ರು ಸಂಘ ಕಟ್ಟಿ ಮತ್ತೆ ಚಾಲ್ತಿಗೆ ತಂದ್ರು. ಗಂಡಸರಿಗೆ ಚೌಕಳಿ ಅಂಗಿ ಒಂದು ಹೊಲಿದು ಕೊಟ್ರೆ ಸಾಕು, ಚಡ್ಡಿ ಅಲ್ಲೇ ಬಾಡಿಗೆಗೋ ಸೆಕೆಂಡ್ ಹ್ಯಾಂಡೋ ತಗೊಳ್ಳಲಿ.

ಇನ್ನು ಕರಾವಳಿಯಲ್ಲಿರೋರಿಗೆ. ಸಾದಾ ಕಬ್ಬಿಣದ ಹುಕ್ಕು ಕಾರವಾರದ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ಲೈನಿಂಗ್ ಮೇಲೆ ಕಂದು ಕಲೆ ಮಾಡತ್ತೆ, ಹಿತ್ತಾಳೆ ಅಥವಾ ಸ್ಟೀಲ್ ಹುಕ್ಕೇ ಹಾಕಿ. ವೆಲ್ವೆಟ್ ಬಾಡೀಸ್ ಕೇಳಿದ್ರೂ ಇಲ್ಲಿ ಇಟ್ಕೊಳ್ಳೋದಾದ್ರೆ ಬೇಡ ಅನ್ನಿ, ಜುಲೈ ಒಳಗೆ ಬೂಷ್ಟು. ಹ್ಯಾಂಗರಿಗೆ ನೇತು ಹಾಕಿ ತಿಂಗಳುಗಟ್ಟಲೆ ಬಿಟ್ರೆ ಮೂರು ಮೀಟರ್ ಸ್ಕರ್ಟಿನ ಭಾರಕ್ಕೆ ಭುಜ ಎಳೆದು ಹೋಗತ್ತೆ, ಹಾಗಾಗಿ ನೆರಿಗೆ ಸಾಲು ಹಿಡಿದು ಉದ್ದಕ್ಕೆ ಸುತ್ತಿ ಹಳೇ ಹತ್ತಿ ಸೀರೆ ತುಂಡಲ್ಲಿ ಕಟ್ಟಿಡಿ, ಪಾರ್ಸಲ್ ಕಳಿಸುವಾಗಲೂ ಹೀಗೇ. ತೊಳೆಯೋದು ತಣ್ಣೀರಲ್ಲಿ, ಕೈಯಲ್ಲಿ, ಹಿಂಡಬಾರದು, ನೆರಳಲ್ಲಿ ಒಣಗಿಸೋದು, ನೆರಿಗೆ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬಾರದು, ಕೆಳಗಿನಿಂದ ನೆರಿಗೆ ಶುರುವಾಗೋ ತನಕ ಮಾತ್ರ. ರೇಟ್ ಹೇಳುವಾಗ ಬಾಡೀಸಿಗೆ ನಿಮ್ಮ ಡಿಸೈನರ್ ಬ್ಲೌಸಿನ ರೇಟು, ನೆರಿಗೆಗೆ ಕೈಕೆಲಸದ ಗಂಟೆ ಲೆಕ್ಕ ಬೇರೆ ಅಂತ ಮೊದಲೇ ಹೇಳಿ ಅಡ್ವಾನ್ಸ್ ತಗೊಳ್ಳಿ, ಆರ್ಡರ್ ಜೂನ್ ಒಳಗೆ ಬಂದ್ರೆ ಮಾತ್ರ ಸೆಪ್ಟೆಂಬರಿಗೆ ಕೊಡೋಕಾಗತ್ತೆ ಅಂತಲೂ ಹೇಳಿ.